ಗಂಟಲು ನೋವಿಗೆ ಮೂರು ಮಾತ್ರೆಯ ಶೀಟು: ಆರೋಗ್ಯ ಇಲಾಖೆಗೂ ಜನರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಔಷಧ ನಿಯಂತ್ರಣ ಅಧಿಕಾರಿಗಳಿಗೆ, ವೈದ್ಯ ಮಿತ್ರರಿಗೆ, ಮೆಡಿಕಲ್ ಶಾಪ್ ನಡೆಸುವವರಿಗೆ ಮತ್ತು ಮನೆಯಲ್ಲಿ ಚಿಕ್ಕ ಮಕ್ಕಳಿರುವ ಎಲ್ಲರಿಗೆ,

ನಮಸ್ಕಾರ.

ಮಳೆ ಹಿಡಿದುಕೊಂಡ ಕೂಡಲೆ, ಮತ್ತೆ ಡಿಸೆಂಬರಿನ ಚಳಿಗೆ, ಯಾವ ಊರಿನ ಮೆಡಿಕಲ್ ಶಾಪಿನ ಮುಂದೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಗಂಟಲು ನೋವು, ಉಗುಳು ನುಂಗಕ್ಕೂ ಆಗ್ತಿಲ್ಲ, ಏನಾದ್ರೂ ಕೊಡಿ." ಕೌಂಟರಿನ ಆಚೆಯಿಂದ ಬರುವುದು ಬಹಳ ಸಲ ಅಜಿತ್ರೋಮೈಸಿನ್ 500 ಎಂಬ ಆ್ಯಂಟಿಬಯೋಟಿಕ್ಕಿನ ಮೂರು ಮಾತ್ರೆಯ ಶೀಟು. ದಿನಕ್ಕೊಂದು, ಮೂರು ದಿನ. ಚೀಟಿ ಕೇಳುವವರಿಲ್ಲ, ಬಾಯಿ ತೆರೆಸಿ ನೋಡುವವರಿಲ್ಲ. ಡಾಕ್ಟರ ಹತ್ತಿರ ಹೋದರೂ ಅನೇಕ ಕಡೆ ಬರುವುದು ಅದೇ ಶೀಟು, ಜೊತೆಗೊಂದು ಇಂಜೆಕ್ಷನ್.

ನಮ್ಮ ದೂರು ಒಂದೇ. ಅದಕ್ಕೆ ಎರಡು ಮುಖ. ಆ ಶೀಟು ಅದರ ಅಗತ್ಯವೇ ಇಲ್ಲದ ಬಹುಪಾಲು ಜನರ ಕೈ ಸೇರುತ್ತಿದೆ. ನಿಜವಾಗಿ ಆ್ಯಂಟಿಬಯೋಟಿಕ್ ಬೇಕಾದ ಮಗುವಿಗೋ ಸರಿಯಾದ ಔಷಧ, ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಸಿಗುತ್ತಿಲ್ಲ. ಆ್ಯಂಟಿಬಯೋಟಿಕ್ ಕಡಿಮೆ ಮಾಡಿ ಎಂದಷ್ಟೇ ಹೇಳಿದರೆ ಅರ್ಧ ಮಾತು ಹೇಳಿದಂತೆ. ಇನ್ನರ್ಧ ಹೇಳದೆ ಹೋದರೆ ಮಕ್ಕಳ ಹೃದಯದ ಕವಾಟಗಳಿಗೆ ಪೆಟ್ಟು ಬೀಳುತ್ತದೆ. ಅದಕ್ಕಾಗಿ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಲೆಕ್ಕ. ದೊಡ್ಡವರ ಗಂಟಲು ನೋವಿನಲ್ಲಿ ನೂರಕ್ಕೆ 5ರಿಂದ 15, ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 20ರಿಂದ 30 ಪ್ರಕರಣಗಳಿಗೆ ಮಾತ್ರ 'ಗ್ರೂಪ್ ಎ ಸ್ಟ್ರೆಪ್ಟೊಕಾಕಸ್' ಎಂಬ ಬ್ಯಾಕ್ಟೀರಿಯಾ ಕಾರಣ. ಡಾಕ್ಟರುಗಳು ಇದನ್ನು ಚಿಕ್ಕದಾಗಿ ಸ್ಟ್ರೆಪ್ ಎನ್ನುತ್ತಾರೆ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ವೈರಸ್: ನೆಗಡಿ ತರುವ ರೈನೊವೈರಸ್, ಅಡಿನೊವೈರಸ್, ಫ್ಲೂ, ಕೊರೊನಾ ಇತ್ಯಾದಿ. ಇವುಗಳ ಮೇಲೆ ಅಜಿತ್ರೋಮೈಸಿನ್ ಆಗಲಿ, ಸೆಫಿಕ್ಸಿಮ್ ಆಗಲಿ, ಎಷ್ಟೇ 'ಪವರ್' ಜಾಸ್ತಿ ಇರುವ ಮಾತ್ರೆ ಆಗಲಿ ಏನೂ ಮಾಡುವುದಿಲ್ಲ.

ಹಾಗಿದ್ದರೆ ಮಾತ್ರೆ ತಿಂದ ಮೇಲೆ ವಾಸಿಯಾಗುವುದು ಹೇಗೆ? ವೈರಸ್ಸಿನ ಗಂಟಲು ನೋವು ಎರಡನೆಯ, ಮೂರನೆಯ ದಿನ ಅತಿ ಜೋರಾಗಿರುತ್ತದೆ. ಜನ ಅಂಗಡಿಗೆ ಬರುವುದೂ ಆ ದಿನವೇ. ಅಲ್ಲಿಂದಾಚೆಗೆ ಅದು ತಾನಾಗಿಯೇ ಇಳಿಯುತ್ತದೆ. ಏನೂ ಕೊಡದಿದ್ದರೂ ಹತ್ತರಲ್ಲಿ ಎಂಟು ಜನ ಒಂದು ವಾರದೊಳಗೆ ಗುಣವಾಗಿರುತ್ತಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ, ಹೆಸರು ಮಾತ್ರೆಗೆ ಹೋಗುತ್ತದೆ, ಮುಂದಿನ ಸಲ ಅದೇ ಮಾತ್ರೆ. ಸ್ಟ್ರೆಪ್ ಇರುವವರನ್ನೂ ಸೇರಿಸಿ ನಡೆದ ಪರೀಕ್ಷೆಗಳಲ್ಲಿ ಸಹ ಆ್ಯಂಟಿಬಯೋಟಿಕ್‌ನಿಂದ ನೋವಿನ ಅವಧಿ ಸರಾಸರಿ ಒಂದು ದಿನಕ್ಕಿಂತಲೂ ಕಡಿಮೆಯಷ್ಟೇ ತಗ್ಗುತ್ತದೆ. ನಾವು ಸ್ಟ್ರೆಪ್‌ಗೆ ಔಷಧ ಕೊಡಲೇಬೇಕು ಎನ್ನುವ ಮುಖ್ಯ ಕಾರಣ ನೋವು ಅಲ್ಲ. ಕಾರಣ ಹೃದಯ. ಅದಕ್ಕೆ ಮುಂದೆ ಬರುತ್ತೇವೆ.

ಈಗ ಗುರುತಿಸುವ ವಿಷಯ. ಮೂಗು ಸೋರುವುದು, ಕೆಮ್ಮು, ಸೀನು, ಧ್ವನಿ ಒಡೆಯುವುದು, ಕಣ್ಣು ಕೆಂಪಾಗುವುದು, ಬಾಯಿಯಲ್ಲಿ ಹುಣ್ಣು, ಭೇದಿ: ಗಂಟಲು ನೋವಿನ ಜೊತೆ ಇವು ಇದ್ದರೆ ಅದು ವೈರಸ್ ಎಂದೇ ಹಿಡಿಯಬೇಕು. ಸ್ಟ್ರೆಪ್ ಬರುವ ರೀತಿ ಬೇರೆ. ಹಠಾತ್ತನೆ ಶುರು, ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ದಾಟಿರುತ್ತದೆ, ಕೆಮ್ಮು ಇರುವುದಿಲ್ಲ. ಟಾನ್ಸಿಲ್ ಊದಿರುತ್ತದೆ ಅಥವಾ ಅದರ ಮೇಲೆ ಬಿಳಿ ಕೀವಿನ ಚುಕ್ಕೆ ಇರುತ್ತದೆ. ದವಡೆಯ ಕೆಳಗೆ ಕತ್ತಿನ ಮುಂಭಾಗದ ಗಂಟುಗಳನ್ನು ಒತ್ತಿದರೆ ನೋಯುತ್ತದೆ. ಚಿಕ್ಕ ಮಕ್ಕಳಲ್ಲಿ ಹೊಟ್ಟೆನೋವು, ವಾಂತಿ, ತಲೆನೋವೂ ಇರಬಹುದು. ಜ್ವರ, ಕೆಮ್ಮಿಲ್ಲದಿರುವುದು, ಟಾನ್ಸಿಲ್, ಗಂಟು, ಈ ನಾಲ್ಕಕ್ಕೆ ಒಂದೊಂದು ಅಂಕ. ವಯಸ್ಸು 3ರಿಂದ 14 ಆದರೆ ಇನ್ನೊಂದು ಅಂಕ ಸೇರಿಸಿ, 45 ಅಥವಾ ಹೆಚ್ಚಾದರೆ ಒಂದು ಕಳೆಯಿರಿ. ಸೆಂಟರ್ ಎಂಬ ವೈದ್ಯರ ಹೆಸರಿನಿಂದ ಸೆಂಟರ್ ಅಂಕ ಎಂದು ಇದನ್ನು 1981ರಿಂದ ಬಳಸುತ್ತಿದ್ದಾರೆ, ವಯಸ್ಸಿನ ಅಂಕ ಆಮೇಲೆ ಸೇರಿದ್ದು.

ಅಂಕ ಸೊನ್ನೆ ಅಥವಾ ಒಂದಾದರೆ ಪರೀಕ್ಷೆಯೂ ಬೇಡ, ಆ್ಯಂಟಿಬಯೋಟಿಕ್ಕೂ ಬೇಡ. ಇಲ್ಲೊಂದು ಸಂಗತಿಯನ್ನು ವೈದ್ಯ ಮಿತ್ರರ ಗಮನಕ್ಕೆ ವಿಶೇಷವಾಗಿ ತರುತ್ತೇವೆ. ಅಂಕ ನಾಲ್ಕು ಅಥವಾ ಐದು ಬಂದರೂ ಸ್ಟ್ರೆಪ್ ಇರುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ. ಟಾನ್ಸಿಲ್ ಮೇಲೆ ಬಿಳಿ ಕಂಡ ಕೂಡಲೇ "ಇದು ಬ್ಯಾಕ್ಟೀರಿಯಾನೇ" ಎಂದು ಬರೆಯುವ ಅಭ್ಯಾಸಕ್ಕೆ ಆಧಾರವಿಲ್ಲ. ಅಡಿನೊವೈರಸ್ಸೂ ಬಿಳಿ ಕೀವು ತರುತ್ತದೆ. ಹದಿಹರೆಯದವರಲ್ಲಿ ಎಪ್ಸ್ಟೈನ್-ಬಾರ್ ವೈರಸ್ಸು ಟಾನ್ಸಿಲ್ಲನ್ನು ಪೂರ್ತಿ ಬಿಳಿಯಾಗಿಸುತ್ತದೆ, ಜೊತೆಗೆ ವಿಪರೀತ ಸುಸ್ತು, ಕತ್ತಿನ ಹಿಂಭಾಗದಲ್ಲೂ ಗಂಟು. ಆ ರೋಗಿಗೆ ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ಕೆಂಪು ಗಂಧೆ ಏಳಬಹುದು. ಅದನ್ನು ಅಲರ್ಜಿ ಎಂದು ತಪ್ಪು ತಿಳಿದು "ಪೆನಿಸಿಲಿನ್ ಆಗುವುದಿಲ್ಲ" ಎಂದು ಫೈಲಿನಲ್ಲಿ ಬರೆದುಬಿಟ್ಟರೆ, ಅದು ಆ ವ್ಯಕ್ತಿಯನ್ನು ಜೀವನಪೂರ್ತಿ ಬಿಡುವುದಿಲ್ಲ.

ಆದ್ದರಿಂದ ಬೇಕಾದದ್ದು ಪರೀಕ್ಷೆ. ಗಂಟಲಿನ ದ್ರವದಲ್ಲಿ ಸ್ಟ್ರೆಪ್ ಪತ್ತೆಮಾಡುವ ರ್‍ಯಾಪಿಡ್ ಕಿಟ್ ಇದೆ. ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ ಕಿಟ್ಟಿನ ಹಾಗೆಯೇ, ಐದರಿಂದ ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ತೆಗೆಯುವ ಕ್ರಮ ಮುಖ್ಯ. ಮಗುವನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ, ಹಣೆ ಹಿಡಿದುಕೊಂಡು, ನಾಲಿಗೆ ಒತ್ತಿ, ಟಾರ್ಚ್ ಬಿಟ್ಟು, ಎರಡೂ ಟಾನ್ಸಿಲ್ಲುಗಳ ಮೇಲೆ ಮತ್ತು ಗಂಟಲಿನ ಹಿಂಗೋಡೆಯ ಮೇಲೆ ಸ್ವಾಬ್ ಅನ್ನು ಒತ್ತಿ ಉಜ್ಜಬೇಕು. ನಾಲಿಗೆ, ಕೆನ್ನೆಯ ಒಳಭಾಗ, ಕಿರುನಾಲಿಗೆ ತಾಗಿದರೆ ಮಾದರಿ ಕೆಡುತ್ತದೆ. ಮಗು ಓಕರಿಸಿತೆಂದು ಅರ್ಧಕ್ಕೆ ಬಿಟ್ಟ ಸ್ವಾಬಿನಿಂದ ಸುಳ್ಳು ನೆಗೆಟಿವ್ ಬರುತ್ತದೆ. ಸರಿಯಾಗಿ ತೆಗೆದರೆ ನೂರು ಸ್ಟ್ರೆಪ್ ರೋಗಿಗಳಲ್ಲಿ ಸುಮಾರು 85 ಮಂದಿಯನ್ನು ಅದು ಹಿಡಿಯುತ್ತದೆ. ಪಾಸಿಟಿವ್ ಬಂದರೆ ನಂಬಬಹುದು. ಮಗುವಿಗೆ ನೆಗೆಟಿವ್ ಬಂದು, ಲಕ್ಷಣ ಜೋರಾಗಿದ್ದರೆ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ.

"ಎರಡು ದಿನ ಕಾದರೆ ಮಗುವಿಗೆ ಅಪಾಯವಲ್ಲವೇ?" ಎಂದು ಅಪ್ಪ-ಅಮ್ಮ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಮಗು ನೀರು ಕುಡಿಯುತ್ತಿದ್ದು, ಉಸಿರಾಟ ಸರಿಯಿದ್ದರೆ ಅಪಾಯವಿಲ್ಲ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಶುರುಮಾಡಿದರೂ, ಸ್ಟ್ರೆಪ್ ಆದ ಮೇಲೆ ಬಂದು ಹೃದಯದ ಕವಾಟ ಕೆಡಿಸುವ ಸಂಧಿವಾತ ಜ್ವರವನ್ನು ತಡೆಯಬಹುದು. ಈ ಒಂಬತ್ತು ದಿನ ಎಂಬ ಸಂಖ್ಯೆ ಪ್ರತಿ ಮನೆಗೆ, ಪ್ರತಿ ಮೆಡಿಕಲ್ ಶಾಪಿಗೆ ಗೊತ್ತಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಪರೀಕ್ಷೆಯ ಮಾತು ಬಂದಿದ್ದರಿಂದ ಎಎಸ್‌ಒ ರಕ್ತಪರೀಕ್ಷೆಯ ಬಗ್ಗೆಯೂ ಹೇಳಲೇಬೇಕು. ಗಂಟಲು ನೋವೆಂದು ಬಂದ ಮಗುವಿಗೆ ಎಎಸ್‌ಒ ಬರೆಯುವುದು, ಅದು 200 ದಾಟಿದೆ ಎಂದು ಆ್ಯಂಟಿಬಯೋಟಿಕ್ ಕೊಡುವುದು, ಕೆಲವೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸುವುದು ನಮ್ಮಲ್ಲಿ ನಡೆದೇ ಇದೆ. ಎಎಸ್‌ಒ ಎಂದರೆ ಹಿಂದೆಂದೋ ಸ್ಟ್ರೆಪ್ ಬಂದುಹೋದದ್ದರ ಗುರುತು. ಸೋಂಕು ತಗಲಿ ಒಂದು ವಾರದ ಮೇಲೆ ಅದು ಏರತೊಡಗುತ್ತದೆ, ಮೂರರಿಂದ ಐದು ವಾರಕ್ಕೆ ತುದಿ ಮುಟ್ಟುತ್ತದೆ, ತಿಂಗಳುಗಟ್ಟಲೆ ಇಳಿಯುವುದಿಲ್ಲ. ಶಾಲಾ ವಯಸ್ಸಿನ ಆರೋಗ್ಯವಂತ ಮಕ್ಕಳಲ್ಲೂ 200ಕ್ಕಿಂತ ಹೆಚ್ಚಿರುವುದು ಸಾಮಾನ್ಯ. ಇವತ್ತಿನ ಗಂಟಲು ನೋವಿಗೆ ಕಾರಣವೇನೆಂದು ಅದು ಹೇಳಲಾರದು. ಸಂಧಿವಾತ ಜ್ವರದ ಅನುಮಾನ ಬಂದಾಗ ಮಾತ್ರ ಅದಕ್ಕೆ ಬೆಲೆ. ಹಾಗೆಯೇ ಶಾಲಾ ಮಕ್ಕಳಲ್ಲಿ ಹತ್ತಕ್ಕೊಬ್ಬರ ಗಂಟಲಲ್ಲಿ ಸ್ಟ್ರೆಪ್ ಯಾವ ತೊಂದರೆಯನ್ನೂ ಮಾಡದೆ ಸುಮ್ಮನೆ ವಾಸವಾಗಿರುತ್ತದೆ. ನೆಗಡಿ ಬಂದ ಮಗುವಿಗೆ ಸ್ವಾಬ್ ಪರೀಕ್ಷೆ ಮಾಡಬಾರದು, ಔಷಧ ಮುಗಿದ ಮೇಲೆ "ಹೋಯಿತಾ" ಎಂದು ಮತ್ತೆ ಪರೀಕ್ಷೆ ಮಾಡಬಾರದು ಎನ್ನುವುದು ಇದಕ್ಕೇ.

ಇನ್ನು ಸ್ಟ್ರೆಪ್ ಖಚಿತವಾದ ಮಗುವಿಗೆ ಏನು ಕೊಡಬೇಕು? ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್. ಎಂಬತ್ತು ವರ್ಷಗಳಿಂದ ಬಳಸುತ್ತಿದ್ದರೂ ರೋಗಿಗಳಲ್ಲಿ ಪೆನಿಸಿಲಿನ್ನಿಗೆ ಜಗ್ಗದ ಗ್ರೂಪ್ ಎ ಸ್ಟ್ರೆಪ್ ದಾಖಲಾಗಿಲ್ಲ. ಅಜಿತ್ರೋಮೈಸಿನ್ನಿಗೆ ಜಗ್ಗದ ಸ್ಟ್ರೆಪ್ ಇದೆ. ಹಳೆಯದು, ಅಗ್ಗದ್ದು, ಹೆಸರಿಗೆ ಸಾದಾ ಔಷಧ. ಈ ಕಾಯಿಲೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿಸಿದ ಮಾತ್ರೆ ಬರೆಯುವುದೂ ಈಗ ರೂಢಿಯಾಗಿದೆ. ಕ್ಲಾವುಲನೇಟಿನ ಕೆಲಸ ಬ್ಯಾಕ್ಟೀರಿಯಾ ಹೊರಬಿಡುವ ಒಂದು ಕಿಣ್ವವನ್ನು ಕಟ್ಟಿಹಾಕುವುದು. ಸ್ಟ್ರೆಪ್ ಆ ಕಿಣ್ವವನ್ನು ತಯಾರಿಸುವುದೇ ಇಲ್ಲ. ಮೊದಲ ಸಲದ ಸ್ಟ್ರೆಪ್ ಗಂಟಲಿಗೆ ಅದನ್ನು ಕೊಟ್ಟರೆ ಹೆಚ್ಚಾಗುವುದು ಖರ್ಚು ಮತ್ತು ಭೇದಿ.

ಅಮಾಕ್ಸಿಸಿಲಿನ್ ಪ್ರಮಾಣ ದಿನಕ್ಕೆ ಕೆ.ಜಿ. ತೂಕಕ್ಕೆ 50 ಮಿ.ಗ್ರಾಂ, ಹೆಚ್ಚೆಂದರೆ ದಿನಕ್ಕೆ 1000 ಮಿ.ಗ್ರಾಂ. ಅದನ್ನು ಒಂದೇ ಸಲ ಅಥವಾ ಎರಡು ಭಾಗ ಮಾಡಿ, 10 ದಿನ. ಲೆಕ್ಕ ಹಾಕಿ ನೋಡೋಣ. 14 ಕೆ.ಜಿ. ಮಗುವಿಗೆ ದಿನಕ್ಕೆ 700 ಮಿ.ಗ್ರಾಂ. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಸಿರಪ್ ಆದರೆ ಬೆಳಿಗ್ಗೆ 7, ರಾತ್ರಿ 7 ಮಿ.ಲೀ. ಹತ್ತು ದಿನಕ್ಕೆ 140 ಮಿ.ಲೀ. 60 ಮಿ.ಲೀ. ಬಾಟಲಿ ನಾಲ್ಕೇ ದಿನಕ್ಕೆ ಖಾಲಿ. ಅಷ್ಟು ಹೊತ್ತಿಗೆ ಜ್ವರ ಬಿಟ್ಟಿರುತ್ತದೆ, ಮಗು ಆಡುತ್ತಿರುತ್ತದೆ, ಬಾಟಲಿ ಮುಗಿದದ್ದೇ ಕೋರ್ಸ್ ಮುಗಿದದ್ದು ಎಂದು ಮನೆಯವರು ತಿಳಿಯುತ್ತಾರೆ. ತಪ್ಪು ಅವರದ್ದಲ್ಲ. ಚೀಟಿಯಲ್ಲಿ "ಮೂರು ಬಾಟಲಿ, 10 ದಿನ" ಎಂದು ಬರೆಯದ ನಮ್ಮದು. 20 ಕೆ.ಜಿ. ದಾಟಿದ ಮಗುವಿಗೆ ನೀರಿನಲ್ಲಿ ಕರಗುವ 250ರ ಡಿಟಿ ಮಾತ್ರೆಯೇ ಸಲೀಸು: ಹೊತ್ತಿಗೆ ಎರಡು, ದಿನಕ್ಕೆ ಎರಡು ಹೊತ್ತು, ಒಟ್ಟು 40 ಮಾತ್ರೆ.

ಪುಡಿಯ ಬಾಟಲಿಗೆ ನೀರು ಬೆರೆಸುವುದರಲ್ಲೂ ಪ್ರಮಾಣ ಕೆಡುತ್ತದೆ. ಮೊದಲು ಬಾಟಲಿಯನ್ನು ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗೆರೆಯ ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿಯಲು ಬಿಡಿ, ಆಮೇಲೆ ಗೆರೆಯವರೆಗೆ ನೀರು ತುಂಬಿ ಮತ್ತೆ ಕುಲುಕಿ. ನೊರೆಯನ್ನೇ ಗೆರೆ ಎಂದು ತಿಳಿದರೆ ನೀರು ಕಡಿಮೆಯಾಗಿ ಔಷಧ ಗಟ್ಟಿಯಾಗುತ್ತದೆ. ಬಿಸಿ ನೀರು ಔಷಧವನ್ನು ಕೆಡಿಸುತ್ತದೆ. ಪ್ರತಿ ಸಲ ಕೊಡುವ ಮೊದಲು ಕುಲುಕಬೇಕು, ಇಲ್ಲದಿದ್ದರೆ ಮೊದಲ ದಿನ ನೀರು, ಕೊನೆಯ ದಿನ ತಳದ ಗಸಿ. ಬೆರೆಸಿದ ಮೇಲೆ ಎಷ್ಟು ದಿನ ಇಡಬಹುದು ಎಂಬುದು ಲೇಬಲ್ಲಿನಲ್ಲಿರುತ್ತದೆ, ಅನೇಕವಕ್ಕೆ ಏಳೇ ದಿನ. ಆದ್ದರಿಂದ ಮೂರು ಬಾಟಲಿಗೂ ಒಮ್ಮೆಲೇ ನೀರು ಹಾಕಿಡಬೇಡಿ. ಅಳತೆಗೆ ಅಡುಗೆ ಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಎಲ್ಲಕ್ಕಿಂತ ಒಳ್ಳೆಯದು.

ಹತ್ತು ದಿನ ಕುಡಿಸುವುದು ಆಗದ ಮನೆಗಳಿಗೆ ಒಂದೇ ಒಂದು ಬೆಂಜಾಥಿನ್ ಪೆನಿಸಿಲಿನ್ ಇಂಜೆಕ್ಷನ್ ಸಾಕು: 27 ಕೆ.ಜಿ.ಗಿಂತ ಕಡಿಮೆ ತೂಕಕ್ಕೆ 6 ಲಕ್ಷ ಯೂನಿಟ್, ಅದಕ್ಕೆ ಮೇಲ್ಪಟ್ಟು 12 ಲಕ್ಷ. ಇದು ಸ್ನಾಯುವಿನ ಆಳಕ್ಕೆ ಕೊಡುವ ಇಂಜೆಕ್ಷನ್, ನರಕ್ಕೆ ಎಂದೆಂದಿಗೂ ಅಲ್ಲ. ಪುಡಿ ಗಟ್ಟಿಯಾದ್ದರಿಂದ ಸಣ್ಣ ಸೂಜಿ ಕಟ್ಟಿಕೊಳ್ಳುತ್ತದೆ. 21 ಗೇಜ್ ಸೂಜಿ ಬೇಕು, ಬೆರೆಸಿ ತಡಮಾಡದೆ ಕೊಡಬೇಕು. ಕೊಟ್ಟ ಮೇಲೆ ಅರ್ಧ ಗಂಟೆ ರೋಗಿಯನ್ನು ಕೂರಿಸಿಕೊಳ್ಳಬೇಕು, ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಪಕ್ಕದಲ್ಲೇ ಇರಬೇಕು. ಅಲರ್ಜಿಯ ಭಯದಿಂದ ಅನೇಕ ಕಡೆ ಈ ಇಂಜೆಕ್ಷನ್ ಕೊಡುವುದನ್ನೇ ಬಿಟ್ಟಿದ್ದಾರೆ. ತೀವ್ರ ಅಲರ್ಜಿ ಅಪರೂಪ, ಸಿದ್ಧತೆ ಇದ್ದರೆ ಸಂಭಾಳಿಸಬಹುದು. ಭಯಕ್ಕೆ ಮದ್ದು ತರಬೇತಿ.

ಅಜಿತ್ರೋಮೈಸಿನ್ನಿಗೆ ಜಾಗವಿಲ್ಲವೇ? ಇದೆ, ಪೆನಿಸಿಲಿನ್‌ಗೆ ನಿಜವಾದ ತೀವ್ರ ಅಲರ್ಜಿ ಇರುವವರಿಗೆ. ಆದರೆ ಸ್ಟ್ರೆಪ್‌ಗೆ ಅದರ ಪ್ರಮಾಣ ದಿನಕ್ಕೆ ಕೆ.ಜಿ.ಗೆ 12 ಮಿ.ಗ್ರಾಂ, ಹೆಚ್ಚೆಂದರೆ 500, ಐದು ದಿನ. ಮಕ್ಕಳಿಗಾದರೆ ಒಟ್ಟು ಕೆ.ಜಿ.ಗೆ 60. ನಮ್ಮಲ್ಲಿ ಮಕ್ಕಳಿಗೆ ರೂಢಿಯಲ್ಲಿರುವುದು ಕೆ.ಜಿ.ಗೆ 10ರಂತೆ ಮೂರು ದಿನ, ಒಟ್ಟು 30. ಬೇಕಾದುದರ ಸರಿ ಅರ್ಧ. ವೈರಸ್ ಇರುವ ಮಗುವಿಗೆ ಆ ಮೂರು ದಿನದ ಔಷಧ ಪೂರ್ತಿ ವ್ಯರ್ಥ, ಸ್ಟ್ರೆಪ್ ಇರುವ ಮಗುವಿಗೆ ಅರೆಬರೆ. ನಾವು ಈ ಪತ್ರ ಬರೆಯಲು ಇದೇ ಕಾರಣ.

ಅರೆಬರೆಯಾದರೆ ಏನಾಗುತ್ತದೆ? ಗಂಟಲು ವಾಸಿಯಾಗಿ ಎರಡು-ಮೂರು ವಾರವಾದ ಮೇಲೆ, ಎಲ್ಲರೂ ಮರೆತಿರುವಾಗ, ಕೆಲವು ಮಕ್ಕಳಲ್ಲಿ ಸಂಧಿವಾತ ಜ್ವರ ಕಾಣಿಸಿಕೊಳ್ಳುತ್ತದೆ. ಇವತ್ತು ಮಂಡಿ, ನಾಳೆ ಹಿಮ್ಮಡಿಯ ಕೀಲು ಎಂಬಂತೆ ಊತ ಜಾಗ ಬದಲಿಸುತ್ತದೆ. ಕೆಲವರಿಗೆ ಕೈಕಾಲು ತಾವಾಗಿಯೇ ಕುಣಿದಂತೆ ಅಲುಗುತ್ತವೆ. ಕೀಲು ವಾಸಿಯಾಗುತ್ತದೆ, ಆದರೆ ಹೃದಯದ ಕವಾಟಕ್ಕೆ ಬಿದ್ದ ಪೆಟ್ಟು ಉಳಿದುಬಿಡುತ್ತದೆ. 5ರಿಂದ 15 ವರ್ಷದವರಿಗೆ ಅಪಾಯ ಹೆಚ್ಚು. ಪ್ರತಿ ಮರುಸೋಂಕೂ ಕವಾಟವನ್ನು ಇನ್ನಷ್ಟು ಕೆಡಿಸಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವುದೇ ಮೊದಲ ಬಸಿರಿನಲ್ಲಿ, ಏದುಸಿರು ಬಂದಾಗ. ಮುಂದೆ ಕಿರಿದಾದ ಕವಾಟವನ್ನು ಹಿಗ್ಗಿಸುವ ಬಲೂನ್ ಚಿಕಿತ್ಸೆ, ಕವಾಟ ಬದಲಾವಣೆ, ಮೂರು ವಾರಕ್ಕೊಮ್ಮೆ ವರ್ಷಗಟ್ಟಲೆ ಪೆನಿಸಿಲಿನ್. ಪೆನಿಸಿಲಿನ್ ಈ ಜ್ವರವನ್ನು ತಡೆಯುತ್ತದೆ ಎಂದು ಅಮೆರಿಕದ ವ್ಯೋಮಿಂಗ್‌ನ ಒಂದು ವಾಯುಪಡೆ ನೆಲೆಯಲ್ಲಿ ನಡೆದ ಅಧ್ಯಯನಗಳು 1950ರ ಹೊತ್ತಿಗೇ ತೋರಿಸಿದ್ದವು. ಸಂಧಿವಾತ ಜ್ವರ ಅಪರೂಪವಾಗಿರುವ ಶ್ರೀಮಂತ ದೇಶಗಳಲ್ಲಿ ಈಗ ಐದು ದಿನದ ಔಷಧ ಸಾಕೆನ್ನುತ್ತಾರೆ. ನಮ್ಮಲ್ಲಿ ಆ ಜ್ವರ ಇನ್ನೂ ಇದೆ, ನಮಗೆ ಹತ್ತು ದಿನವೇ ಬೇಕು.

ಅಂಕ, ಪರೀಕ್ಷೆ ಯಾವುದನ್ನೂ ನೋಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳಿವೆ. ಉಗುಳನ್ನೂ ನುಂಗಲಾಗದೆ ಜೊಲ್ಲು ಸುರಿಯುವುದು, ಉಸಿರೆಳೆಯುವಾಗ ಸದ್ದು, ಬಾಯಿ ತೆರೆಯಲಾಗದಿರುವುದು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ ಮಾತು, ಒಂದೇ ಬದಿ ಊದಿ ಕಿರುನಾಲಿಗೆ ಪಕ್ಕಕ್ಕೆ ಸರಿದಿರುವುದು. ಗಂಟಲಲ್ಲಿ ಬೂದು ಬಣ್ಣದ ಪೊರೆ ಅಂಟಿಕೊಂಡಿದ್ದು ಕತ್ತು ದಪ್ಪಗಾಗಿದ್ದರೆ ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಅದು ನಮ್ಮ ರಾಜ್ಯದಿಂದ ಇನ್ನೂ ತೊಲಗಿಲ್ಲ. ಅದಕ್ಕೆ ಆ್ಯಂಟಿಬಯೋಟಿಕ್ ಒಂದೇ ಸಾಲದು, ಅದರ ವಿಷವನ್ನು ತಡೆಯುವ ಆ್ಯಂಟಿಟಾಕ್ಸಿನ್ ಗಂಟೆಗಳ ಲೆಕ್ಕದಲ್ಲಿ ಬೇಕು. ಪೊರೆಯನ್ನು ಕೀಳಲು ಹೋಗಬಾರದು, ರಕ್ತ ಬರುತ್ತದೆ. ಮಗುವಿನ ತಾಯಿ ಕಾರ್ಡಿನಲ್ಲಿ ಒಂದೂವರೆ ವರ್ಷದ ಮತ್ತು ಐದು ವರ್ಷದ ಡಿಪಿಟಿ ಬೂಸ್ಟರ್, 10 ಮತ್ತು 16ನೇ ವರ್ಷದ ಟಿಡಿ ಲಸಿಕೆ ಆಗಿದೆಯೇ ನೋಡಿಕೊಳ್ಳಿ. ಮರಳುಕಾಗದದಂಥ ಒರಟು ಗಂಧೆ ಮೈಮೇಲೆ ಎದ್ದಿದ್ದರೆ, ಹಿಂದೆ ಸಂಧಿವಾತ ಜ್ವರ ಬಂದಿದ್ದರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದರೆ ಅದೇ ದಿನ ಡಾಕ್ಟರನ್ನು ಕಾಣಬೇಕು. ಥೈರಾಯ್ಡ್ ಹೆಚ್ಚಾಗಿದೆಯೆಂದು ಕಾರ್ಬಿಮಜೋಲ್ ತಿನ್ನುತ್ತಿರುವವರಿಗೆ ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಬಿಳಿ ರಕ್ತಕಣ ಎಣಿಸಬೇಕು. ಇದು ಗೊತ್ತಿಲ್ಲದೆ ಅಂಗಡಿಯ ಮಾತ್ರೆ ತಿನ್ನುತ್ತ ಕೂತರೆ ಜೀವಕ್ಕೇ ಅಪಾಯ. ಅಡಿಕೆ, ಗುಟ್ಕಾ, ಬೀಡಿ ಅಭ್ಯಾಸವಿರುವವರಿಗೆ ಮೂರು ವಾರ ದಾಟಿದ ಒಂದೇ ಬದಿಯ ಗಂಟಲು ನೋವು, ಕಿವಿನೋವು ಇದ್ದರೆ ಮೂರನೆಯ ಆ್ಯಂಟಿಬಯೋಟಿಕ್ ಬೇಡ, ಇಎನ್‌ಟಿ ತಜ್ಞರ ಪರೀಕ್ಷೆ ಬೇಕು.

ಉಳಿದವರಿಗೆ ಮನೆಯ ಆರೈಕೆ ಸಾಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಶುಂಠಿ, ಮೆಣಸು, ಜೀರಿಗೆಯ ಕಷಾಯ ಹಿತವೆನಿಸಿದರೆ ಕುಡಿಯಿರಿ, ಸುಡುವಷ್ಟು ಬಿಸಿ ಬೇಡ. ಒಂದು ವರ್ಷ ದಾಟಿದ ಮಕ್ಕಳಿಗೆ ಜೇನು ಕೊಡಬಹುದು, ಅದಕ್ಕಿಂತ ಚಿಕ್ಕವರಿಗೆ ಕೂಡದು. ತಣ್ಣನೆಯ ಮೊಸರನ್ನ ಸರಾಗವಾಗಿ ಇಳಿದರೆ ಅದನ್ನೇ ಕೊಡಿ, "ಥಂಡಿ" ಎಂದು ಉಪವಾಸ ಕೆಡವಬೇಡಿ. ನೋವಿಗೆ ಪ್ಯಾರಾಸಿಟಮಾಲ್: ಮಕ್ಕಳಿಗೆ ಹೊತ್ತಿಗೆ ಕೆ.ಜಿ.ಗೆ 15 ಮಿ.ಗ್ರಾಂ, ಆರು ಗಂಟೆ ಅಂತರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಇಲ್ಲೂ ಬಾಟಲಿ ನೋಡಬೇಕು. 12 ಕೆ.ಜಿ. ಮಗುವಿಗೆ 180 ಮಿ.ಗ್ರಾಂ, ಅಂದರೆ 5 ಮಿ.ಲೀ.ಗೆ 120 ಇರುವ ಸಿರಪ್ ಏಳೂವರೆ ಮಿ.ಲೀ. ಅದೇ ಏಳೂವರೆಯನ್ನು 250ರ ಬಾಟಲಿಯಿಂದ ಕೊಟ್ಟರೆ 375 ಮಿ.ಗ್ರಾಂ, ಎರಡು ಪಟ್ಟಿಗೂ ಹೆಚ್ಚು. ಮಕ್ಕಳಿಗೆ ಆಸ್ಪಿರಿನ್ ಬೇಡ. ಡೆಂಗೀ ಹರಡಿರುವ ದಿನಗಳಲ್ಲಿ ಐಬುಪ್ರೊಫೆನ್ ಕೂಡ ಬೇಡ.

ಅಜಿತ್ರೋಮೈಸಿನ್ ಮೇಲೆ ನಮಗೇಕೆ ಇಷ್ಟು ಕಾಳಜಿ ಎಂದರೆ, ಅದು ಟೈಫಾಯ್ಡ್‌ನ ಮಾತ್ರೆ. ಸಿಪ್ರೊಫ್ಲಾಕ್ಸಾಸಿನ್ ನಮ್ಮ ದೇಶದ ಟೈಫಾಯ್ಡ್ ಮೇಲೆ ಬಹುಮಟ್ಟಿಗೆ ನಾಟುತ್ತಿಲ್ಲ. ಬಾಯಲ್ಲಿ ನುಂಗುವ ಔಷಧಗಳಲ್ಲಿ ಮುಖ್ಯವಾಗಿ ಉಳಿದಿರುವುದು ಅಜಿತ್ರೋಮೈಸಿನ್ ಮತ್ತು ಸೆಫಿಕ್ಸಿಮ್. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಹರಡಿದ ಟೈಫಾಯ್ಡ್‌ಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೂಡ ನಾಟಲಿಲ್ಲ, ಬಾಯಲ್ಲಿ ಕೊಡಲು ಉಳಿದದ್ದು ಅಜಿತ್ರೋಮೈಸಿನ್ ಒಂದೇ. 2019ರಲ್ಲಿ ಭಾರತದ ಖಾಸಗಿ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಬಳಕೆಯಾದ ಆ್ಯಂಟಿಬಯೋಟಿಕ್ ಅಜಿತ್ರೋಮೈಸಿನ್ 500, ಅದರ ಹಿಂದೆಯೇ ಸೆಫಿಕ್ಸಿಮ್ 200. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ 'ಎಚ್ಚರಿಕೆಯಿಂದ ಬಳಸಿ' ಎಂಬ ಗುಂಪಿನವು. ನೆಗಡಿಯ ಗಂಟಲಿಗೆ ತಿಂದ ಪ್ರತಿ ಶೀಟೂ ನಮ್ಮ ಹೊಟ್ಟೆಯೊಳಗಿನ, ಚರಂಡಿಯೊಳಗಿನ ಬ್ಯಾಕ್ಟೀರಿಯಾಗಳಿಗೆ ಅದನ್ನು ಎದುರಿಸುವ ಅಭ್ಯಾಸ ಮಾಡಿಸುತ್ತದೆ.

ಕಾನೂನು ಇಲ್ಲವೆಂದಲ್ಲ. ಈ ಔಷಧಗಳ ಶೀಟಿನ ಮೇಲೆ ಕೆಂಪು ಗೆರೆ ಇರುತ್ತದೆ, ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್ 1ರಂದು ಜಾರಿಗೆ ಬಂದ, ಮಾರಾಟಕ್ಕೆ ಬಿಗಿ ನಿಯಮವಿರುವ ಶೆಡ್ಯೂಲ್ ಎಚ್1 ಎಂಬ ಪಟ್ಟಿಯ 46 ಔಷಧಗಳಲ್ಲಿ ಸೆಫಿಕ್ಸಿಮ್ ಇತ್ತು. ಅವನ್ನು ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದ ರಿಜಿಸ್ಟರ್ ಮೂರು ವರ್ಷ ಇಡಬೇಕು. ಅಜಿತ್ರೋಮೈಸಿನ್ ಆ ಪಟ್ಟಿಯಲ್ಲಿ ಇರಲಿಲ್ಲ. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯರಿಗೆ ಪತ್ರ ಬರೆದು, ಆ್ಯಂಟಿಬಯೋಟಿಕ್ ಏಕೆ ಕೊಡುತ್ತಿದ್ದೀರಿ ಎಂಬ ಕಾರಣವನ್ನು ಚೀಟಿಯಲ್ಲೇ ಬರೆಯಿರಿ ಎಂದು ಕೋರಿದರು. ಅದೇ ವರ್ಷ ಪಕ್ಕದ ಕೇರಳ 'ಆಪರೇಷನ್ ಅಮೃತ್' ಎಂದು ಚೀಟಿಯಿಲ್ಲದ ಮಾರಾಟದ ಮೇಲೆ ತಪಾಸಣೆ ಶುರುಮಾಡಿತು.

ನಮ್ಮ ಇಲಾಖೆಯಿಂದ ನಾವು ಕೇಳುವುದು ಇವು. ಸ್ಟ್ರೆಪ್ ರ್‍ಯಾಪಿಡ್ ಕಿಟ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರದ 'ನಮ್ಮ ಕ್ಲಿನಿಕ್'ಗಳ ಪಟ್ಟಿಗೆ ಸೇರಿಸಿ, ಸ್ವಾಬ್ ತೆಗೆಯುವುದನ್ನು ನರ್ಸ್‌ಗಳಿಗೂ ಲ್ಯಾಬ್ ಟೆಕ್ನಿಷಿಯನ್‌ಗಳಿಗೂ ಒಂದು ಮಧ್ಯಾಹ್ನ ಕಲಿಸಿದರೆ ಸಾಕು. ಕಿಟ್ಟು ಬರುವವರೆಗೂ ಅಂಕದ ಪಟ್ಟಿ ಗೋಡೆಯ ಮೇಲಿರಲಿ: 5ರಿಂದ 15 ವರ್ಷದ ಮಗುವಿಗೆ ಮೂರು ಅಥವಾ ಹೆಚ್ಚು ಅಂಕ ಬಂದು, ಪರೀಕ್ಷೆಗೆ ದಾರಿಯೇ ಇಲ್ಲದಿದ್ದರೆ ಪೆನಿಸಿಲಿನ್ ಕೊಡುವುದೇ ನಮ್ಮ ಪರಿಸ್ಥಿತಿಗೆ ಸರಿ. ದೊಡ್ಡವರಿಗೆ ಎರಡು-ಮೂರು ದಿನ ಕಾದು ನೋಡಲು ಹೇಳಿ, ಇಳಿಯದಿದ್ದರೆ ಮತ್ತೆ ಬರಲು ತಾರೀಖು ಬರೆದುಕೊಡಿ. ಖಾಸಗಿ ಲ್ಯಾಬ್‌ಗಳ ಜ್ವರದ ಪ್ಯಾಕೇಜಿನಲ್ಲಿ ಎಎಸ್‌ಒ ಸೇರಿಸದಂತೆ ಸೂಚನೆ ಹೋಗಲಿ. ಔಷಧ ನಿಯಂತ್ರಣ ಅಧಿಕಾರಿಗಳು ಅಜಿತ್ರೋಮೈಸಿನ್, ಸೆಫಿಕ್ಸಿಮ್ ಎರಡರ ಖರೀದಿ ಬಿಲ್ಲುಗಳನ್ನು ಚೀಟಿಗಳ ಜೊತೆ ತಾಳೆ ನೋಡಲಿ, ದೊಡ್ಡ ಸರಣಿ ಅಂಗಡಿಗಳಿಂದ, ಆನ್‌ಲೈನ್ ಮಾರಾಟದಿಂದ ಶುರುಮಾಡಲಿ. ಹಳ್ಳಿಯ ಸಣ್ಣ ಅಂಗಡಿಯವರನ್ನು ಮೊದಲು ಕೂರಿಸಿ ತಿಳಿಸಿ ಹೇಳಲಿ, ಏಕೆಂದರೆ ಡಾಕ್ಟರಿಲ್ಲದ ಊರಲ್ಲಿ ಆ ಮೇಲಿನ ಅಪಾಯದ ಲಕ್ಷಣಗಳನ್ನು ಮೊದಲು ನೋಡುವವರು ಅವರೇ.

ಎಲ್ಲಕ್ಕಿಂತ ತುರ್ತಾದದ್ದು ದಾಸ್ತಾನು. ಬೆಂಜಾಥಿನ್ ಪೆನಿಸಿಲಿನ್ 6 ಮತ್ತು 12 ಲಕ್ಷ ಯೂನಿಟ್, ಅಮಾಕ್ಸಿಸಿಲಿನ್ 250ರ ಡಿಟಿ, 5 ಮಿ.ಲೀ.ಗೆ 250ರ ಸಿರಪ್, 21 ಗೇಜ್ ಸೂಜಿ, ಅಡ್ರಿನಲಿನ್. ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮುಂದಿನ ಇಂಡೆಂಟ್‌ನಲ್ಲಿ (ಬೇಡಿಕೆ ಪಟ್ಟಿಯಲ್ಲಿ) ಈ ಐದೂ ಇರಲಿ. ಸಿರಪ್ಪಿನ ಸಂಖ್ಯೆಯನ್ನು ಮಗುವಿಗೊಂದು ಬಾಟಲಿಯ ಲೆಕ್ಕದಲ್ಲಲ್ಲ, ಮೂರರ ಲೆಕ್ಕದಲ್ಲಿ ಹಾಕಿ. ಮಳೆಗಾಲಕ್ಕೆ ಮುಂಚೆ ಅವು ಕೇಂದ್ರಗಳನ್ನು ತಲುಪಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಪ್ರಾಥಮಿಕ ಆರೈಕೆಯ ಕೆಲವು ವೈದ್ಯರು ಮತ್ತು ಫಾರ್ಮಸಿಸ್ಟರು